ಸದ್ದಿಲ್ಲದ ರೊಟ್ಟಿ

ಆ ದಿನ ಬೆಳಿಗ್ಗೆ ಮೂಡಣ ಗಾಳಿ ಬೀಸುತ್ತಿತ್ತು. ಪುಷ್ಯ ಮುಗಿದು ಮಾಘ ಹಿಡಿದು ಐದು ದಿನ. ಬಿಸಿಲು ಬಂದಿತ್ತು, ಆದರೆ ಅದರಲ್ಲಿ ಕಾವಿರಲಿಲ್ಲ. ಬೀದಿಯ ಧೂಳು ಎದ್ದು ಒಬ್ಬೊಬ್ಬರ ಹೊಸ್ತಿಲ ತನಕ ಹೋಗಿ ಬಿದ್ದು ಮತ್ತೆ ಏಳುತ್ತಿತ್ತು. ಇಂಥ ಗಾಳಿಯಲ್ಲಿ ಹಾವಿನ ಮರಿ ತರಬಾರದೆಂದು ಗೊತ್ತಿದ್ದರೂ ನಾನು ತರಲೇಬೇಕಾಗಿತ್ತು. ನನ್ನ ಒಲೆ ಆರಿ ಅಂದಿಗೆ ನಾಲ್ಕನೆಯ ದಿನ. ಬಟ್ಟೆಯ ಚೀಲವನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಮುರಿಗೆಯ್ಯನ ಹಾವಿನ ಮನೆಯಿಂದ ನಮ್ಮ ಓಣಿಗೆ ನಡೆದು ಬಂದೆ. ಚೀಲದಲ್ಲಿ ಒಂದು ಮಾವಿನಕಾಯಿಯಷ್ಟೂ ತೂಕವಿರಲಿಲ್ಲ. ಒಳಗಿನ ಜೀವ ದಾರಿಯುದ್ದಕ್ಕೂ ಒಮ್ಮೆಯೂ ಮಿಸುಕಲಿಲ್ಲ.

ನಮ್ಮೂರಲ್ಲಿ ಮನೆಗೊಂದು ಹಾವು. ಮನೆಯ ಹಾವು ಉಂಡಿದ್ದರೆ ಆ ಮನೆಯಲ್ಲಿ ಬೆಂಕಿ ಹತ್ತುತ್ತದೆ, ಉಣ್ಣದಿದ್ದರೆ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಕಿಡಿ ಬರುತ್ತದೆ, ಉರಿ ನಿಲ್ಲುವುದಿಲ್ಲ. ಗ್ಯಾಸಿನ ಒಲೆಗೂ ಅದೇ ಗತಿ. ಪಕ್ಕದ ಮನೆಯಿಂದ ಕೆಂಡ ತಂದರೆ ಹೊಸ್ತಿಲು ದಾಟುವಷ್ಟರಲ್ಲಿ ಬೂದಿಯಾಗಿರುತ್ತದೆ. ಹಾಗಾಗಿ ನಮ್ಮಲ್ಲಿ ಒಬ್ಬರಿಗೊಬ್ಬರು ಎದುರಾದರೆ ಆರಾಮೇನು ಎಂದು ಕೇಳುವುದಿಲ್ಲ, "ನಿಮ್ಮದು ಉಂಡೈತೇನು?" ಎಂದು ಕೇಳುತ್ತೇವೆ. ಹೊಸದಾಗಿ ಮನೆ ಹೂಡಿದ ಗಂಡ ಹೆಂಡತಿ ತಮ್ಮ ಹಾವು ಮೊದಲ ತುತ್ತು ತೆಗೆದುಕೊಳ್ಳುವ ತನಕ ಹೆಣ್ಣಿನ ತವರಲ್ಲಿ ಉಣ್ಣುತ್ತಾರೆ. ಬೀಗರು ಬಂದು ಬೀಡಿ ಹಚ್ಚಲು ಹೋದಾಗ ಕಡ್ಡಿ ಆರಿದರೆ ಮನೆಯವರು ನಾಚಿ ತಲೆ ತಗ್ಗಿಸುತ್ತಾರೆ. ನಮ್ಮ ಓಣಿಯ ಮೂಲೆಯಲ್ಲಿದ್ದ ಜಿಪುಣನೊಬ್ಬ ಕಟ್ಟಿಗೆ ಉಳಿಯಲೆಂದು ಹಾವನ್ನೇ ಉಪವಾಸ ಕೆಡವಿ, ಬರೀ ನೆನೆಸಿದ ಅವಲಕ್ಕಿ ತಿಂದು ವರ್ಷ ಕಳೆದ. ಅವನ ಹಾವು ಒಂದು ದಿನ ತಾನೇ ಎದ್ದು ಮುರಿಗೆಯ್ಯನ ಮನೆಗೆ ಹರಿದು ಹೋಯಿತು. ಯಾಕೆ ಹೀಗೆ ಎಂದು ನಾವು ಕೇಳಿದವರಲ್ಲ. ಬಾವಿಗೆ ನೀರು ಯಾಕೆ ಬರುತ್ತದೆ ಎಂದು ಯಾರು ಕೇಳುತ್ತಾರೆ? ಕೊಟ್ಟವನು ಶಿವ, ಅವನಿಗೆ ಕಾರಣ ಗೊತ್ತಿರುತ್ತದೆ. ನಮ್ಮೂರ ಹಾವುಗಳಿಗೆ ವಿಷವಿಲ್ಲ, ಅದೊಂದು ಅವನ ದಯೆ.

ನನ್ನದು ಖಾನಾವಳಿ. ಹೆಸರು ಹಲಗೆ ಏನೂ ಇಲ್ಲ, ಸಾವಂತ್ರೆವ್ವನ ಮನೆ ಎಂದರೆ ಸಾಕು. ಗಂಡ ತೀರಿದ ಮೇಲೆ ಮೂವತ್ತು ವರ್ಷದಿಂದ ಜೋಳದ ರೊಟ್ಟಿ ಬಡಿದು ಬದುಕಿದ್ದೇನೆ. ಖಾಯಂ ಉಣ್ಣುವವರು ಹನ್ನೊಂದು ಮಂದಿ, ಬಂದು ಹೋಗುವವರು ಬೇರೆ. ನನ್ನ ರೊಟ್ಟಿ ಬಡಿದ ರೊಟ್ಟಿ. ಕಲ್ಲಿನ ಹಾಸಿನ ಮೇಲೆ ಹಲಗೆ ಇಟ್ಟು ಎರಡೂ ಅಂಗೈಯಿಂದ ಬಡಿದರೆ ಸದ್ದು ಓಣಿಯ ತುದಿಗೆ ಕೇಳಬೇಕು. ಆ ಸದ್ದಿಗೇ ಜನಕ್ಕೆ ಹಸಿವಾಗುತ್ತಿತ್ತು. ನನ್ನ ಹಳೆಯ ಹಾವು ಇಪ್ಪತ್ತೆರಡು ವರ್ಷ ಆ ಸದ್ದಿನಲ್ಲೇ ಬಾಳಿ ಮುದಿಯಾಗಿ, ಒಲೆಯ ಹಿಂದೆ ಬೆಚ್ಚಗೆ ಸುತ್ತಿಕೊಂಡಲ್ಲೇ ಜೀವ ಬಿಟ್ಟಿತು. ಆ ಹೊತ್ತಿಗೆ ಹಂಚಿನ ಮೇಲೆ ಒಂದು ರೊಟ್ಟಿ ಇತ್ತು. ಕೆಳಗೆ ಉರಿ ಆರಿತು. ರೊಟ್ಟಿಯ ಒಂದು ಮಗ್ಗುಲು ಹಸಿಯಾಗಿಯೇ ಉಳಿಯಿತು.

ಹಾವಿನ ಮನೆಯ ಮುರಿಗೆಯ್ಯ ಎಂಬತ್ತರ ಹತ್ತಿರದವನು. ಊರಿಗೆಲ್ಲ ಮರಿ ಕೊಡುವವನು ಅವನೇ. ಆ ಬೆಳಿಗ್ಗೆ ಚೀಲ ಕೊಡುವಾಗ ಅವನಿಗೇ ಮನಸ್ಸಿರಲಿಲ್ಲ.

"ಈಗ ಇದೊಂದ ಉಳಿದೈತಿ ಸಾವಂತ್ರೆವ್ವ. ಭಾಳ ಅಂಜಬುರುಕ. ತನ್ನ ಬಾಲ ತಾನ ಕಂಡ್ರ ಓಡತೈತಿ."

"ನಂದು ಉಣ್ಣಿಸೋ ಕೈ ಅಜ್ಜ. ಊರಿಗೆಲ್ಲ ಉಣ್ಣಿಸೀನಿ, ಇದಕ್ಕ ಉಣ್ಣಸಲಾರೆನ?"

"ಅದ ನನಗ ಚಿಂತಿ," ಎಂದ ಅವನು. "ಉಣ್ಣಸಾಕ ಹೋಗಬ್ಯಾಡ. ಸಣ್ಣ ಬಾಯಿ ಗಡಿಗಿಯೊಳಗ ಇಡು. ಎರಡೂ ಕಡೆ ಮೈ ಗ್ವಾಡಿಗೆ ತಾಗಬೇಕು, ಅಂದ್ರ ಅದಕ್ಕ ಧೈರ್ಯ. ಒಂದು ಮಗ್ಗಲ ಬೆಚ್ಚಗಿರಲಿ, ಒಂದು ಮಗ್ಗಲ ತಂಪಿರಲಿ. ಏಳು ದಿನ ಮುಚ್ಚಳ ತೆಗೀಬ್ಯಾಡ. ಎಂಟನೇ ದಿನ ಸಂಜೀಕ ಒಂದು ಸತ್ತ ಇಲಿಮರಿ, ಹಾವಿನ ಮೈ ದಪ್ಪಕ್ಕಿಂತ ದೊಡ್ಡದಿರಬಾರದು, ಬಾಯಿ ಹತ್ರ ಇಟ್ಟು ಹೊರಗ ಹೋಗಿಬಿಡು."

"ಉಣ್ಣದಿದ್ರ?"

"ಇದರ ಮೈಯಾಗ ಹೋಳಿ ಹುಣ್ಣಿಮಿತನಕಾ ಕಸುವೈತಿ. ಅಷ್ಟರಾಗ ಉಂಡ್ರ ಉಂಡಂಗ. ಇಲ್ಲಾಂದ್ರ ನಾನ ವಾಪಸ್ ಒಯ್ತೀನಿ, ಜೀವ ಹೋಗಾಕ ಬಿಡೂದಿಲ್ಲ. ಆಮ್ಯಾಲ ಮರಿ ಬರೂದು ಶ್ರಾವಣದಾಗ."

ಮಾಘದಿಂದ ಶ್ರಾವಣಕ್ಕೆ ಆರು ತಿಂಗಳು. ಆರು ತಿಂಗಳು ಒಲೆ ಉರಿಯದ ಖಾನಾವಳಿ ಖಾನಾವಳಿಯಾಗಿ ಉಳಿಯುವುದಿಲ್ಲ. ಉಣ್ಣುವವರು ಬೇರೆ ಎಲೆಗೆ ಕೂತು ಕೈ ರೂಢಿಯಾದರೆ ಅಲ್ಲೇ ಉಳಿಯುತ್ತಾರೆ. ನನಗೆ ಬೇರೆ ಕಸುಬು ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೋಡೆಯ ಗೂಡಿನಲ್ಲಿ ನನ್ನ ಶಿವ ನಾಲ್ಕು ದಿನದಿಂದ ದೀಪವಿಲ್ಲದೆ ಕೂತಿದ್ದ. ನೀರು ಹಾಕಿ ಪತ್ರಿ ಏರಿಸಿ ಕಣ್ಣು ಮುಚ್ಚಿದರೆ, ಮುಚ್ಚಿದ ಕಣ್ಣಿಗೂ ತೆರೆದ ಕಣ್ಣಿಗೂ ಕತ್ತಲು ಒಂದೇ.

ಗಡಿಗೆ ಅವನು ಹೇಳಿದಂತೆಯೇ ಇಟ್ಟೆ. ಉಪ್ಪಿನಕಾಯಿಯ ಸಣ್ಣ ಗಡಿಗೆ ತೊಳೆದು ಮೂರು ದಿನ ಬಿಸಿಲಿಗಿಟ್ಟು ವಾಸನೆ ತೆಗೆದಿದ್ದೆ. ಒಳಗೆ ಒಣ ಹುಲ್ಲು ಹಾಸಿ, ಅಡಿಗೆಮನೆಯ ದಕ್ಷಿಣ ಮೂಲೆಯಲ್ಲಿ ಕಿಟಕಿಯ ಬಿಸಿಲು ಒಂದು ಪಕ್ಕಕ್ಕೆ ಮಾತ್ರ ಬೀಳುವಂತೆ ಕೂರಿಸಿದೆ. ಚೀಲದ ಬಾಯಿ ಬಿಚ್ಚಿದಾಗ ಮೊದಲ ಸಲ ಕಂಡೆ: ಕಂದು ಮೈ, ಕಿರುಬೆರಳ ದಪ್ಪ, ಬೆನ್ನ ಮೇಲೆ ಹಿಟ್ಟು ಚೆಲ್ಲಿದಂಥ ಬಿಳಿ ಚುಕ್ಕೆ. ತಲೆಯನ್ನು ಸುರುಳಿಯ ನಡುವೆ ಹುದುಗಿಸಿಕೊಂಡಿತ್ತು. ಅತ್ತೆಯ ಮನೆಗೆ ಬಂದ ಮೊದಲ ದಿನ ನಾನೂ ಹೀಗೇ ಮೂಲೆಯಲ್ಲಿ ಮೊಣಕಾಲಿಗೆ ಮುಖ ಹಚ್ಚಿ ಕೂತಿದ್ದೆ. ಗಡಿಗೆಯೊಳಗೆ ಇಳಿದು ಹುಲ್ಲಿನಡಿಗೆ ಸೇರಿತು. ಮುಚ್ಚಳ ಹಾಕಿದೆ.

ಏಳು ದಿನ ಮುಚ್ಚಳ ತೆಗೆಯಲಿಲ್ಲ, ಅದು ನಿಜ. ಆದರೆ ಓಣಿಯ ಹೆಂಗಸರು ಹೊಸ ಹಾವು ಬಂದಿತೆಂದು ಬಂದರು, ಬಂದವರನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಒಬ್ಬಳು ಗಡಿಗೆಗೆ ಅರಿಷಿಣ ಹಚ್ಚಿದಳು, ಒಬ್ಬಳು ಮುಚ್ಚಳದ ಮೇಲೆ ಹೂ ಇಟ್ಟು ಗಟ್ಟಿಯಾಗಿ ತನ್ನ ಹೆಸರು ಹೇಳಿದಳು, ಗುರುತು ಸಿಗಲಿ ಎಂದು. ಎಂಟನೆಯ ಸಂಜೆ ಇಲಿಮರಿ ಇಟ್ಟೆ. ಮರುದಿನ ಹಾಗೇ ಇತ್ತು. ಮತ್ತೆ ನಾಲ್ಕು ದಿನ ಬಿಟ್ಟು ಇನ್ನೂ ಸಣ್ಣದು ಇಟ್ಟೆ. ಹಲ್ಲಿ ಇಟ್ಟೆ. ಗೌಜುಗನ ಮೊಟ್ಟೆ ಇಟ್ಟೆ. ಗಡಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಒಂದ ತುತ್ತು ತಾಯೀ, ನನ್ನ ಸಲುವಾಗಿ ಒಂದ ತುತ್ತು," ಎಂದು ಬೇಡಿಕೊಂಡೆ. ಹನ್ನೊಂದು ಮಂದಿಗೆ ಬೇಡ ಬೇಡ ಎಂದರೂ ಇನ್ನೊಂದು ರೊಟ್ಟಿ ಹಾಕಿ ರೂಢಿಯಾದ ಬಾಯಿ, ಸುಮ್ಮನಿರಲು ಬರಲಿಲ್ಲ. ದಿನಕ್ಕೆ ಹತ್ತು ಸಲ ಕಡ್ಡಿ ಗೀರಿ ನೋಡುತ್ತಿದ್ದೆ. ಹತ್ತೂ ಸಲ ಹೊಗೆ.

ನನ್ನ ಹನ್ನೊಂದು ಮಂದಿ ಈಗ ಪಕ್ಕದ ಮನೆಯಲ್ಲಿ ಉಣ್ಣುತ್ತಿದ್ದರು. ಪಕ್ಕದ ಮನೆ ಕಸ್ತೂರೆವ್ವನದು. ಅವಳದೂ ಖಾನಾವಳಿಯೇ, ಅವಳದು ಲಟ್ಟಿಸಿದ ರೊಟ್ಟಿ. ನನಗೂ ಅವಳಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಮೊದಲು ಅವಳು ನನ್ನ ಅಡಿಗೆಮನೆಯಲ್ಲೇ ಕೆಲಸಕ್ಕಿದ್ದವಳು. ಬಾವಿಯ ಗಡಗಡೆಗೆ ಸಿಕ್ಕು ಬಲ ಮುಂಗೈ ಮುರಿದು, ಕೂಡಿದ ಮೇಲೂ ಬಡಿಯುವ ಬಲ ಬರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕೇಳದೆ ಲಟ್ಟಣಿಗೆಯಲ್ಲಿ ಲಟ್ಟಿಸಿ ಹತ್ತು ರೊಟ್ಟಿ ಬೇಯಿಸಿದಳು. ನಾನು ಪಂಕ್ತಿಯಲ್ಲಿ ಕೂತ ಎಲ್ಲರ ಎದುರು ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, "ಇದು ರೊಟ್ಟಿ ಅಲ್ಲ, ಕಾಗದ. ಇದರ ಮ್ಯಾಲ ಪತ್ರ ಬರೀರಿ," ಎಂದೆ. ಎಲ್ಲರೂ ನಕ್ಕರು. ಅವಳು ಕೈ ತೊಳೆದುಕೊಂಡು ಎದ್ದು ಹೋದಳು. ನಾನು ಕೆಟ್ಟವಳೆಂದು ಆಗ ನನಗೆ ಅನಿಸಿರಲಿಲ್ಲ. ರೊಟ್ಟಿಯ ಮರ್ಯಾದೆ ಕಾಯ್ದೆನೆಂದೇ ಅನಿಸಿತ್ತು.

ಜನ ಪೂರ್ತಿ ಕೈ ಬಿಡಬಾರದೆಂದು ನಾನು ಬೆಂಕಿ ಬೇಡದ ಅಡಿಗೆ ಹಿಡಿದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಮೆಣಸಿನಕಾಯಿಯ ಖಾರ. ಹುರಿಯುವುದನ್ನು ಓಣಿಯ ಯಾರೋ ಹುರಿದು ಕೊಡುತ್ತಿದ್ದರು, ಕುಟ್ಟುವುದು ನಾನು. ಬೆಳಗಿನಿಂದ ಮಧ್ಯಾಹ್ನದ ತನಕ ಒಳಕಲ್ಲಿನಲ್ಲಿ ಒನಕೆ ಹಾಕಿ ಕುಟ್ಟುತ್ತಿದ್ದೆ. ಕೈಗೆ ಕೆಲಸವಿದ್ದರೆ ಮನಸ್ಸಿಗೆ ಸಮಾಧಾನ. ಬಟ್ಟಲು ತುಂಬಿ ಅಡಿವೆಪ್ಪ ಮಾಸ್ತರರ ಕೈಯಲ್ಲಿ ಕೊಟ್ಟರೆ ಅವರು ಪಕ್ಕದ ಮನೆಯ ಪಂಕ್ತಿಗೆ ಒಯ್ಯುತ್ತಿದ್ದರು. ಮಾಸ್ತರರು ಹಳೆಯ ಶಾಲೆಯ ಮಾಸ್ತರರು, ಕಣ್ಣು ಮಂಜಾಗಿದೆ, ಇಪ್ಪತ್ತು ವರ್ಷದಿಂದ ನನ್ನ ಅನ್ನ ಉಂಡವರು.

"ಹೆಂಗೈತ್ರಿ ಆಕೀ ರೊಟ್ಟಿ?" ಎಂದು ಕೇಳಿದೆ ಒಂದು ದಿನ, ತಡೆಯದೆ.

"ಊಟಾ ಮಾಡ್ತೀನಿ ನೋಡವಾ," ಎಂದರು ಮಾಸ್ತರರು. ಒಳ್ಳೆಯದು ಕೆಟ್ಟದ್ದು ಏನನ್ನೂ ಹೇಳಲಿಲ್ಲ. ಅದರಿಂದಲೇ ರೊಟ್ಟಿ ಚೆನ್ನಾಗಿದೆ ಎಂದು ತಿಳಿಯಿತು.

ಇಪ್ಪತ್ತನೆಯ ದಿನ ಮುರಿಗೆಯ್ಯನನ್ನು ಕರೆಸಿದೆ. ಅವನು ಬಂದಾಗ ನಾನು ಕುಟ್ಟುತ್ತಿದ್ದೆ; ಖಾರದ ಪುಡಿ ಹಾರಿ ಮೈಯೆಲ್ಲ ಕೆಂಪಾಗಿತ್ತು. ಅವನು ಗಡಿಗೆಯ ಕಡೆ ನೋಡಲೇ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕಲ್ಲುಹಾಸಿನ ಮೇಲೆ ಕೂತ, ಅಂಗೈಯನ್ನು ನೆಲಕ್ಕೆ ಊರಿದ.

"ಇನ್ನೆರಡು ಸಲ ಕುಟ್ಟು."

ಕುಟ್ಟಿದೆ.

"ನೀನೂ ಕೈ ಇಡು ಇಲ್ಲಿ," ಎಂದು ನನ್ನ ಕೈಯನ್ನು ಗಡಿಗೆಯ ಬುಡದಲ್ಲಿ ಊರಿಸಿ, ತಾನು ಎದ್ದು ಹೋಗಿ ಒನಕೆ ಎತ್ತಿ ಒಮ್ಮೆ ಹಾಕಿದ. ನೆಲ ನನ್ನ ಅಂಗೈಗೆ ಹೊಡೆಯಿತು. ಮೂವತ್ತು ವರ್ಷ ಆ ನೆಲದ ಮೇಲೆ ಕೂತಿದ್ದರೂ ಅದು ನನಗೆ ಗೊತ್ತಿರಲಿಲ್ಲ. ಯಾವಾಗಲೂ ಹೊಡೆಯುವ ಕೈ ನನ್ನದಾಗಿತ್ತು.

"ಅದಕ್ಕ ಕಿವಿ ಇಲ್ಲ ಸಾವಂತ್ರೆವ್ವ. ಹೊಟ್ಟಿಲೇ ಕೇಳತೈತಿ. ಈ ಮನಿಯಾಗ ಬೆಳಗಿಂದ ಬೈಗಿನತನಕಾ ಅದರ ಹೊಟ್ಟಿಗೆ ಯಾರೋ ಒದ್ಯಾಕತ್ಯಾರ. ಹೆಂಗ ಉಂಡೀತು?"

"ಹಳೀದು ಇಪ್ಪತ್ತೆರಡು ವರ್ಷ ಇತ್ತಲ್ಲಜ್ಜ, ಇದ ಸದ್ದಿನಾಗ?"

"ಅದು ಅದು. ಇದು ಇದು. ನಿನ್ನ ಹನ್ನೊಂದು ಮಂದಿಗೂ ಒಂದ ಹಸಿವೇನು?"

ಅಂದೇ ಒನಕೆಯನ್ನು ಹಿತ್ತಲಲ್ಲಿ ಮಲಗಿಸಿದೆ. ಹೆಂಗಸರಿಗೆ ಬಾಗಿಲಲ್ಲೇ ಕೈ ಮುಗಿದು ಕಳಿಸಿದೆ. ಕಡ್ಡಿಪೆಟ್ಟಿಗೆಯನ್ನು ದೇವರ ಗೂಡಿನಲ್ಲಿಟ್ಟು, "ನಿನ್ನ ಪರೀಕ್ಷಾ ಮಾಡೂದಿಲ್ಲ ತಂದೆ, ನಿನಗ ತಿಳಿದಾಗ ಹತ್ತಿಸು," ಎಂದೆ. ಮನೆಯಲ್ಲಿ ಕಾಲೆತ್ತಿ ಇಡುವುದಕ್ಕೂ ಅಂಜುತ್ತ ನಾಲ್ಕು ದಿನ ಕಳೆದೆ. ಮೂವತ್ತು ವರ್ಷದಲ್ಲಿ ಆ ಮನೆ ಅಷ್ಟು ಸುಮ್ಮನಿದ್ದದ್ದಿಲ್ಲ. ಜಪಕ್ಕೆ ಕೂತರೆ ಮೊದಲ ಸಲ ನನ್ನ ಉಸಿರು ನನಗೆ ಕೇಳಿಸಿತು. ಐದನೆಯ ಸಂಜೆ ಇಲಿಮರಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಗಡಿಗೆಯ ಬಾಯಲ್ಲಿಟ್ಟು ಹೊರಗೆ ಕಟ್ಟೆಯ ಮೇಲೆ ಬಂದು ಕೂತೆ. ಬೆಳಿಗ್ಗೆ ಪೂಜೆಗೆ ಕೂತಾಗ ಗೂಡಿನ ಮೂಲೆಯ ಕಡ್ಡಿ ತೆಗೆದು ಗೀರಿದೆ. ಉರಿ ನಿಂತಿತು. ಬತ್ತಿಗೆ ಹಿಡಿದೆ. ಇಪ್ಪತ್ತೆಂಟು ದಿನದ ಮೇಲೆ ನನ್ನ ಶಿವನ ಮುಖ ಕಂಡೆ.

ಆ ಸಂತೋಷದಲ್ಲಿ ನಾನು ಮಾಡಿದ ತಪ್ಪು ನಮ್ಮ ಓಣಿಯವರಾದರೆ ಯಾರೇ ಆದರೂ ಮಾಡುವಂಥದು. ಒಲೆ ಹಚ್ಚಿದೆ. ಎಸರು ಇಟ್ಟೆ. ಹಿಟ್ಟಿಗೆ ಕುದಿನೀರು ಹಾಕಿ ನಾದಿದೆ. ಹಲಗೆ ತೊಳೆದು ಕಲ್ಲಿನ ಮೇಲಿಟ್ಟು, ಶಿವಾ ಎಂದು ಎರಡೂ ಅಂಗೈ ಎತ್ತಿ ಬಡಿದೆ. ಒಳಕಲ್ಲಿನ ಸದ್ದು ಬೇಡ ಎಂದಿದ್ದ ಮುರಿಗೆಯ್ಯ. ರೊಟ್ಟಿಯ ಸದ್ದನ್ನು ನಾನು ಸದ್ದೆಂದೇ ಎಣಿಸಿರಲಿಲ್ಲ. ಅದು ನನ್ನ ಮೈಯ ಸದ್ದು, ಉಸಿರಿನಂಥದು. ಓಣಿಯಲ್ಲಿ ಯಾರೋ, "ಏ, ಸಾವಂತ್ರೆವ್ವನ ರೊಟ್ಟಿ!" ಎಂದು ಕೂಗಿದರು. ಬಾಗಿಲುಗಳು ತೆರೆದವು. ಮೊದಲ ರೊಟ್ಟಿ ಹಂಚಿಗೆ ಹಾಕಿದೆ. ಎರಡನೆಯದು ಬಡಿದೆ. ಮೂರನೆಯದಕ್ಕೆ ಕೈ ಎತ್ತಿದಾಗ ಮೂಲೆಯಲ್ಲಿ ಗಡಿಗೆ ಸಣ್ಣಗೆ ಕದಲಿತು. ಒಲೆಯಲ್ಲಿ ಉರಿ ಕೆಳಗಿಳಿಯಿತು, ನೀಲಿಯಾಯಿತು, ಇಲ್ಲವಾಯಿತು. ದೀಪವೂ ಹೋಯಿತು.

ಮುಚ್ಚಳ ತೆಗೆದು ನೋಡಿದೆ. ತಿಂದ ಇಲಿಮರಿಯನ್ನು ಅದು ಹಾಗೇ ಕಾರಿಬಿಟ್ಟಿತ್ತು. ಹಾವಿನ ಮೈ ಉದ್ದಕ್ಕೂ ನಡುಗುತ್ತಿತ್ತು.

ಮುರಿಗೆಯ್ಯ ಬಂದು ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಾರಿದ ಮ್ಯಾಲ ಹೊಟ್ಟಿ ಹುಣ್ಣಾಗಿರತೈತಿ. ಹನ್ನೆರಡು ದಿನ ಏನೂ ಇಡಬ್ಯಾಡ, ನೀರೊಂದ ಇಡು. ಆಮ್ಯಾಲ ಒಂದ ಸಲ, ಭಾಳ ಸಣ್ಣದು. ಅದು ಹೊಟ್ಟ್ಯಾಗ ನಿಲ್ಲಲಿಲ್ಲಾಂದ್ರ ಮುಗೀತು," ಎಂದ. ಹನ್ನೆರಡು ದಿನ ಕಳೆದರೆ ಹೋಳಿ ಹುಣ್ಣಿಮೆಗೆ ನಾಲ್ಕೇ ದಿನ ಉಳಿಯುತ್ತಿತ್ತು.

"ಉಂಡ್ರೂ ನಾ ರೊಟ್ಟಿ ಬಡಿಯೂ ಹಂಗಿಲ್ಲಲ್ಲಜ್ಜ," ಎಂದೆ.

"ಬಡಿದರೇ ರೊಟ್ಟಿ ಅಂತ ಯಾರು ಹೇಳ್ಯಾರ?" ಎಂದು ಕೋಲು ಊರಿಕೊಂಡು ಎದ್ದ.

ಹೇಳಿದವಳು ನಾನೇ. ಆ ರಾತ್ರಿಯಲ್ಲ, ಮರುದಿನವೂ ಅಲ್ಲ, ಅದರ ಮರುದಿನ ನಾನು ಪಕ್ಕದ ಮನೆಯ ಬಾಗಿಲಿಗೆ ಹೋದೆ. ಎರಡು ದಿನ ಹೋಗದಿದ್ದುದಕ್ಕೆ ಕಾರಣ ಸೊಕ್ಕು, ಬೇರೇನಲ್ಲ. ಹಲಗೆಯ ಕೆಳಗೆ ಗೋಣಿಚೀಲ ಮಡಿಸಿ ಇಟ್ಟು ಹಿತ್ತಲಲ್ಲಿ ಬಡಿದು ನೋಡಿದೆ; ಸದ್ದು ಸತ್ತಿತು, ರೊಟ್ಟಿಯೂ ಹರಿಯಿತು. ಶಿವನ ಮುಂದೆ ಕೂತು, ನನ್ನ ಕೈಯ ಬಲವನ್ನು ಒಯ್ದು ನಿನಗೇನು ಲಾಭ ಎಂದು ಕೇಳಿದೆ. ಆಮೇಲೆ ಎದ್ದು ಪಕ್ಕದ ಮನೆಗೆ ಹೋದೆ.

ಕಸ್ತೂರೆವ್ವ ಒಲೆಯ ಮುಂದಿದ್ದಳು. ತಲೆ ಎತ್ತಲಿಲ್ಲ.

"ಬಾ ಸಾವಂತ್ರೆಕ್ಕ. ಪತ್ರ ಬರಿಯಾಕ ಕಾಗದ ಬೇಕಾಗಿತ್ತೇನು?"

"ಲಟ್ಟಸೂದು ಕಲೀಬೇಕಾಗೈತಿ."

"ಯವ್ವಾ! ನಿನ್ನ ಹಾವು ನನಗಿಂತ ಜೋರ ಐತಿ ಬಿಡು. ಒಂಬತ್ತು ವರ್ಷ ನಾ ಬಾಗಿಲಾ ಕಾದೆ, ಅದು ಒಂದು ತಿಂಗಳದಾಗ ನಿನ್ನ ಕರಕೊಂಡು ಬಂತು."

"ಅಂದಬಿಡು. ಎಲ್ಲಾ ಅಂದಬಿಡು. ಆಮ್ಯಾಲ ಕಲಿಸು."

"ಅನ್ನಾಕ ಹೊತ್ತಿಲ್ಲ. ಇಪ್ಪತ್ತು ಮಂದಿ ಕುಂತಾರ, ಅದರಾಗ ಹನ್ನೊಂದು ನಿನ್ನವರ," ಎಂದು ಲಟ್ಟಣಿಗೆಯನ್ನು ನನ್ನ ಕಡೆ ಉರುಳಿಸಿದಳು. "ಕುಂಡ್ರು."

ದಿನವೂ ಹೋದೆ. ನನ್ನ ಮೊದಲ ರೊಟ್ಟಿಗಳನ್ನು ಅವಳ ಎಮ್ಮೆ ಕೂಡ ಮೂಸಿ ನೋಡಿ ಬಿಟ್ಟಿತು. ಅಂಚು ಸೀಳುತ್ತಿತ್ತು, ನಡುವೆ ತೂತು ಬೀಳುತ್ತಿತ್ತು. ಕೈ ಒತ್ತಿ ಒತ್ತಿ ಹೋಗುತ್ತಿತ್ತು, ಬಡಿಯುವ ಕೈ ಅಲ್ಲವೆ. "ಹಿಟ್ಟಿನ ಕೂಡ ಜಗಳಾ ಯಾಕ?" ಎನ್ನುತ್ತಿದ್ದಳು. "ಲಟ್ಟಣಿಗಿ ಹಗುರ ಹಿಡಿ. ಅದು ತಾನ ಹೊಳ್ಳತೈತಿ. ನೀ ಬರೇ ಜೋಡಿ ಹೋಗು." ಅವಳ ಮುಂಗೈ ಇನ್ನೂ ವಾರೆಯಾಗಿಯೇ ಇತ್ತು. ಆ ವಾರೆ ಕೈ ಲಟ್ಟಣಿಗೆಯ ಮೇಲೆ ಆಡುವಾಗ ಗೊತ್ತಾಗುತ್ತಿರಲಿಲ್ಲ. ನೀರಿನ ಕೊಡ ಎತ್ತುವಾಗ ಕಾಣುತ್ತಿತ್ತು. ಆಗ ನಾನು ಎತ್ತಿ ಕೊಡುತ್ತಿದ್ದೆ. ಏಳನೆಯ ದಿನದ ಹೊತ್ತಿಗೆ ದುಂಡಗೆ ಬಂತು. ಎಂಟನೆಯ ದಿನ ಹಂಚಿನ ಮೇಲೆ ಉಬ್ಬಿತು.

ಉಬ್ಬಿದ ರೊಟ್ಟಿ ನೋಡಿ ನನಗೆ ನಗು ಬಂತು. ಕೈ ಒರೆಸಿಕೊಂಡು, "ಉಣ್ಣು ಕಸ್ತೂರಿ, ಮೊದಲ ನೀ ಉಣ್ಣು, ನನ್ನ ಕೈಯಾಗ ಉಂಡವರು ಯಾರೂ ಹಸದು ಎದ್ದಿಲ್ಲ," ಎಂದೆ. ಬಾಯಿ ರೂಢಿಯ ಮಾತು.

ಅವಳು ಕೊಳವೆಯಿಂದ ಒಲೆ ಊದುತ್ತಿದ್ದವಳು ನಿಲ್ಲಿಸಿದಳು. "ನಾ ಎದ್ದೀನಿ," ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. "ಅವತ್ತು ಎಲ್ಲಾರಿಗೂ ನೀಡಿ ನಂದೊಂದು ತಾಟು ಉಳಿದಿತ್ತು. ನೀ ಕಾಗದ ಅಂದಿ, ಎಲ್ಲಾರೂ ನಕ್ಕರು. ನಾ ಎದ್ದು ಬಂದೆ. ನಿನ್ನ ಮನಿಯಿಂದ ಉಪವಾಸ ಹೋದಾಕಿ ಊರಾಗ ನಾ ಒಬ್ಬಾಕೀನ." ಮತ್ತೆ ಊದತೊಡಗಿದಳು. ಆ ರೊಟ್ಟಿಯನ್ನು ಅವಳು ಮುಟ್ಟಲಿಲ್ಲ. ಅವಳ ಒಲೆಯಲ್ಲಿ ಅವಳ ಹಿಟ್ಟಿನಲ್ಲಿ ಮಾಡಿದ ರೊಟ್ಟಿ ನಾನು ಹೇಗೆ ಕೊಟ್ಟಂತಾಗುತ್ತದೆ ಎಂದು ನನಗೂ ಆಮೇಲೆ ಹೊಳೆಯಿತು.

ಹನ್ನೆರಡು ದಿನ ಮುಗಿದ ಸಂಜೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಇಲಿಮರಿಯೊಂದನ್ನು ಗಡಿಗೆಯ ಬಾಯಲ್ಲಿಟ್ಟೆ. ಈ ಸಲ ಏನನ್ನೂ ಹೇಳಲಿಲ್ಲ. ತಾಯೀ ಎನ್ನಲಿಲ್ಲ, ಬೇಡಿಕೊಳ್ಳಲಿಲ್ಲ. ಬಾಗಿಲು ಎಳೆದುಕೊಂಡು ಮಾಸ್ತರರ ಮನೆಗೆ ಹೋಗಿ, ಅವರ ಕಟ್ಟೆಯ ಮೇಲೆ ಅವರು ಹೇಳಿದ ಪುರಾಣ ಕೇಳುತ್ತ ಕೂತೆ. ಮರುದಿನ ಗಡಿಗೆಯ ಹತ್ತಿರ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಕಡ್ಡಿ ಗೀರಲಿಲ್ಲ. ಬೆಂಕಿ ಹತ್ತಿದರೆ ಹತ್ತಿತು, ಆದರೆ ನಾನು ನೋಡಲೆಂದು ಅದರ ಹೊಟ್ಟೆ ಕದಡುವುದು ಬೇಡ ಎನಿಸಿತು. ಯಾರನ್ನಾದರೂ ಉಣ್ಣಲು ಬಿಡುವುದೂ ಉಣ್ಣಿಸುವುದೇ ಎಂದು ನನಗೆ ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ಹೋಳಿ ಹುಣ್ಣಿಮೆಯ ಬೆಳಿಗ್ಗೆ ಮುರಿಗೆಯ್ಯ ಚೀಲ ಹಿಡಿದುಕೊಂಡೇ ಬಂದ. ಅವನು ಗಡಿಗೆಯ ಮುಂದೆ ಕೂತು ಮುಚ್ಚಳವನ್ನು ಎರಡು ಬೆರಳಿನಷ್ಟು ಸರಿಸಿ ಬಹಳ ಹೊತ್ತು ನೋಡಿದ. ಆಮೇಲೆ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ.

"ನಿಂತೈತಿ," ಎಂದ. "ದೀಪಾ ಹಚ್ಚವಾ."

ದೀಪ ಹಚ್ಚಿದೆ. ಒಲೆ ಹಚ್ಚಿದೆ. ಕಸ್ತೂರೆವ್ವನ ಹತ್ತಿರ ಕಡ ತಂದ ಲಟ್ಟಣಿಗೆಯಲ್ಲಿ ಹಿಟ್ಟು ಮುಟ್ಟಿದಾಗ ಕಣ್ಣು ಮೂಲೆಯ ಮೇಲೇ ಇತ್ತು. ಗಡಿಗೆ ಕದಲಲಿಲ್ಲ. ಒಂದು ರೊಟ್ಟಿ ಬೆಂದಿತು, ಎರಡು ಬೆಂದವು, ಹತ್ತು ಬೆಂದವು. ಉರಿ ಹಾಗೇ ಇತ್ತು. ನನ್ನ ಅಡಿಗೆಮನೆಯಲ್ಲಿ ಕಟ್ಟಿಗೆ ಚಿಟಗುಟ್ಟುವುದನ್ನು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸದ್ದಿಲ್ಲದ್ದರಿಂದ ಓಣಿಗೂ ಗೊತ್ತಾಗಲಿಲ್ಲ. ಯಾರೂ ಬರಲಿಲ್ಲ.

ಬಂದವರು ಕಸ್ತೂರೆವ್ವ ಕಳಿಸಿದ ಮೇಲೆಯೇ. ಅವಳು ನನ್ನ ಒಲೆಯ ಹೊಗೆ ಕಂಡಿದ್ದಳಂತೆ. "ಪಕ್ಕದ ಮನ್ಯಾಗ ಒಲಿ ಹತ್ತೈತಿ, ಏಳ್ರಿ, ನಿಮ್ಮ ಊಟ ಅಲ್ಲಿ," ಎಂದು ಪಂಕ್ತಿಯಿಂದ ಎಬ್ಬಿಸಿದಳಂತೆ. ಎಂಟು ಮಂದಿ ಬಂದರು. ಮೂವರು ಅಲ್ಲೇ ಉಳಿದರು. ಅವಳ ಪುಂಡಿಪಲ್ಯ ನನಗಿಂತ ಚೆನ್ನ, ಅದನ್ನು ನಾನೇ ಒಪ್ಪುತ್ತೇನೆ. ಮಾಸ್ತರರು ಎಂದಿನ ಜಾಗದಲ್ಲಿ ಕೂತು ರೊಟ್ಟಿಯನ್ನು ಬೆರಳಿನಿಂದ ಸವರಿದರು. ಬಡಿದ ರೊಟ್ಟಿಯ ಮೇಲೆ ಬೆರಳಿನ ಗುರುತು ಮೂಡಿರುತ್ತದೆ, ಅವರು ಕಣ್ಣಿಗಿಂತ ಅದನ್ನೇ ನಂಬಿದವರು.

"ಸಾವಂತ್ರೆವ್ವ, ಇದರಾಗ ನಿನ್ನ ಕೈ ಇಲ್ಲಲ್ಲವಾ. ಯಾರದು ರೊಟ್ಟಿ?"

ಎಂಟು ಮಂದಿಯೂ ತಲೆ ಎತ್ತಿದರು. ಒಂಬತ್ತು ವರ್ಷದ ಹಿಂದೆ ನಕ್ಕವರಲ್ಲಿ ನಾಲ್ವರು ಅಲ್ಲಿದ್ದರು.

"ಹಿಟ್ಟು ನಂದು," ಎಂದೆ, ಎಲ್ಲರಿಗೂ ಕೇಳುವಂತೆ. "ವಿದ್ಯಾ ಕಸ್ತೂರೆವ್ವಂದು. ಅವತ್ತು ಕಾಗದ ಅಂದಿದ್ನಲ್ಲ, ತಪ್ಪು ನಂದು. ಅವತ್ತೂ ಅದು ರೊಟ್ಟೀನ ಆಗಿತ್ತು."

ಯಾರೂ ನಗಲಿಲ್ಲ. ಮಾಸ್ತರರು ತುತ್ತು ಮುರಿದು ಬಾಯಿಗಿಟ್ಟರು. "ಮೆತ್ತಗಾಗೈತಿ. ನನ್ನ ಹಲ್ಲಿಗೆ ಇದ ಛಲೋ," ಎಂದರು.

ಅವರೆಲ್ಲ ಉಂಡು ಎದ್ದ ಮೇಲೆ ನಾನು ಮತ್ತೆ ಒಲೆಯ ಮುಂದೆ ಕೂತು ಎರಡು ರೊಟ್ಟಿ ಲಟ್ಟಿಸಿದೆ. ತಾಟು ತೊಳೆದು ಒರೆಸಿ ಅದರಲ್ಲಿಟ್ಟು, ಮೇಲೆ ಸೆರಗು ಮುಚ್ಚಿ ಪಕ್ಕದ ಮನೆಗೆ ಹೋದೆ. ಕಸ್ತೂರೆವ್ವನ ಊಟ ಇನ್ನೂ ಆಗಿರಲಿಲ್ಲ. ಖಾನಾವಳಿಯವರ ಊಟ ಎಲ್ಲರದೂ ಮುಗಿದ ಮೇಲೆ. ಅವಳು ಕಂಬಕ್ಕೊರಗಿ ಕಾಲು ಚಾಚಿ ಕೂತು ವಾರೆ ಮುಂಗೈಯನ್ನು ಇನ್ನೊಂದು ಕೈಯಿಂದ ತಿಕ್ಕಿಕೊಳ್ಳುತ್ತಿದ್ದಳು. ತಾಟನ್ನು ಅವಳ ಮುಂದಿಟ್ಟೆ. ಅವಳು ನನ್ನನ್ನು ನೋಡಲಿಲ್ಲ, ರೊಟ್ಟಿಯನ್ನು ನೋಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು.

"ಅವತ್ತು ಬದನೀಕಾಯಿ ಎಣಗಾಯಿ ಇತ್ತು," ಎಂದಳು.

ನಾನು ಸೆರಗಿನ ಮರೆಯಿಂದ ಎಣಗಾಯಿಯ ಬಟ್ಟಲು ತೆಗೆದು ತಾಟಿನ ಪಕ್ಕಕ್ಕಿಟ್ಟು, ಲೋಟಕ್ಕೆ ನೀರು ತರಲು ಒಳಗೆ ಹೋದೆ.